ಮದುವೆ ಆಗಿಲ್ಲ, ಬಾಡಿಗೆ ಕರಾರಿನಲ್ಲಿ ನನ್ನ ಹೆಸರೂ ಇಲ್ಲ. ಕೆನಡಾ ಪಿಆರ್‌ಗೆ (ಕಾಯಂ ವಾಸಕ್ಕೆ) ಅರ್ಜಿ ಹಾಕಬಹುದಾ?

ಪ್ರಶ್ನೆ: ನಾನು ಶಿವಮೊಗ್ಗದವಳು, ಈಗ ಒಂಟಾರಿಯೋದ ವಾಟರ್ಲೂನಲ್ಲಿದ್ದೇನೆ. ನನ್ನ ಸಂಗಾತಿಗೆ ಇಲ್ಲಿ ಪಿಆರ್ ಇದೆ. 14 ತಿಂಗಳಿಂದ ಒಂದೇ ಮನೆಯಲ್ಲಿದ್ದೇವೆ, ಆದರೆ ಕರಾರು ಅವರ ಹೆಸರಲ್ಲಿ ಮಾತ್ರ. ನಡುವೆ ತಂಗಿ ಮದುವೆಗೆ 5 ವಾರ ಊರಿಗೆ ಹೋಗಿದ್ದೆ. ಮದುವೆಯಾಗದೆ ಅವರ ಸಂಗಾತಿಯಾಗಿ ಪಿಆರ್ ಕೇಳಲು 12 ತಿಂಗಳು ಒಟ್ಟಿಗೆ ಇರಬೇಕಂತೆ; ಆ ಲೆಕ್ಕ ಮತ್ತೆ ಮೊದಲಿಂದ ಶುರುವಾಗುತ್ತಾ? ವರ್ಕ್ ಪರ್ಮಿಟ್ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ 1: ಹೆದರಬೇಡಿ. ನಾವೂ ಇದೇ ದಾರಿಯಲ್ಲಿ ಬಂದವರು. ಚಿಕ್ಕ, ತಾತ್ಕಾಲಿಕ ಪ್ರಯಾಣದಿಂದ ಲೆಕ್ಕ ಮುರಿಯುವುದಿಲ್ಲ. ಹೋಗಿ ಬಂದ ಟಿಕೆಟ್, ಆ ದಿನಗಳ ಮೆಸೇಜ್‌ಗಳನ್ನು ಇಟ್ಟುಕೊಳ್ಳಿ. ಜಂಟಿ ಖಾತೆ, ಫೋನ್ ಬಿಲ್, ಅದೇ ವಿಳಾಸದ ಡ್ರೈವಿಂಗ್ ಲೈಸೆನ್ಸ್ ಎಲ್ಲ ಒಟ್ಟಿಗೆ ಇರುವುದಕ್ಕೆ ಪುರಾವೆಯಾಗಿ ಲೆಕ್ಕಕ್ಕೆ ಬರುತ್ತವೆ. ನೀವೂ ಅಲ್ಲೇ ಇದ್ದೀರಿ ಎಂದು ಮನೆ ಮಾಲೀಕರಿಂದ ಒಂದು ಪತ್ರ ಬರೆಸಿಕೊಳ್ಳಿ. ಒಟ್ಟಿಗೆ ಬಾಳುತ್ತಿದ್ದೇವೆ ಎಂದು ಪ್ರಮಾಣ ಮಾಡುವ ಐಎಂಎಂ 5409 ಫಾರ್ಮ್‌ಗೆ ಇಬ್ಬರೂ ನೋಟರಿ ಮುಂದೆ ಸಹಿ ಹಾಕಬೇಕು, ಮನೆಯಲ್ಲೇ ಹಾಕಿಬಿಡಬೇಡಿ.

ಉತ್ತರ 2: ಕೆನಡಾದೊಳಗಿನಿಂದ ಹಾಕಿದರೆ ಯಾರ ಬಳಿಯಾದರೂ ಕೆಲಸ ಮಾಡಬಹುದಾದ ಓಪನ್ ವರ್ಕ್ ಪರ್ಮಿಟ್‌ಗೂ ಅರ್ಜಿ ಹಾಕಬಹುದು. ಈಗಿನ ಪರ್ಮಿಟ್ ಮುಗಿಯುವ ಮೊದಲೇ ಹಾಕಿ ತಂಗಿ, ಅದೇ ಮುಖ್ಯ. ಸಂಗಾತಿಗೂ ಹೇಳಿ, ಪಿಆರ್ ಬಂದ ಮೇಲೆ 3 ವರ್ಷ ನಿಮ್ಮ ಖರ್ಚಿಗೆ ಅವರೇ ಹೊಣೆ.

ಕೇಳಿದವಳು: ತುಂಬಾ ಥ್ಯಾಂಕ್ಸ್ ಅಕ್ಕ, ಅಣ್ಣ. ಮಾಲೀಕರು ಪತ್ರ ಕೊಡಲು ಒಪ್ಪಿದರು. ಅಮ್ಮ ಈ ಮನೆ ವಿಳಾಸಕ್ಕೆ ಕಳಿಸಿದ್ದ ಚಟ್ನಿಪುಡಿ ಪಾರ್ಸೆಲ್ ರಸೀದಿಯೂ ಸಿಕ್ಕಿತು. ಅದರಲ್ಲಿ ಇಬ್ಬರ ಹೆಸರೂ ಇದೆ!