ಸೊಸೆಯ ತವರು ಪೋಲೆಂಡ್ ಮೂಲ: ಅಮೆರಿಕದ ಪೌರತ್ವದ ಕಾಗದ ಎಲ್ಲಿ ಹುಡುಕಬೇಕು?

ವಂಶವೃಕ್ಷ_ದಾವಣಗೆರೆ
ಮೊಮ್ಮಗನಿಗಾಗಿ ಎರಡೂ ಕಡೆಯ ವಂಶವೃಕ್ಷ ಬರೆಯುತ್ತಿದ್ದೇನೆ. ಸೊಸೆಯ ಮುತ್ತಜ್ಜ ಕೊವಾಲ್ಸ್ಕಿ 1909ರ ಸುಮಾರಿಗೆ ಚಿಕಾಗೋಗೆ ಬಂದವರು. ವಂಶಾವಳಿ ದಾಖಲೆಗಳ ಜಾಲತಾಣ ಫ್ಯಾಮಿಲಿಸರ್ಚ್‌ನಲ್ಲಿ ಹುಟ್ಟಿದ ದೇಶ ಪೋಲೆಂಡ್ ಎಂದು ಹಾಕಿದರೆ ಏನೂ ಬರುವುದಿಲ್ಲ. ಹುಟ್ಟೂರೂ ಗೊತ್ತಿಲ್ಲ. ಮುತ್ತಜ್ಜಿಯ ಕಾಗದ ಬೇರೆ ಇರುತ್ತದೆಯೇ?

ಹಳೇ_ಕಡತ
ಸರ್, ಮೊದಲು ಆ ದೇಶದ ಖಾನೆ ಖಾಲಿ ಬಿಡಿ. 1909ರಲ್ಲಿ ಪೋಲೆಂಡ್ ಎಂಬ ದೇಶವೇ ಇರಲಿಲ್ಲ. 1918ರವರೆಗೆ ರಷ್ಯಾ, ಆಸ್ಟ್ರಿಯಾ, ಜರ್ಮನಿ ಹಂಚಿಕೊಂಡಿದ್ದವು. 1997ಕ್ಕೆ ಮುಂಚಿನ ದಾವಣಗೆರೆ ಕಾಗದದಲ್ಲಿ ಚಿತ್ರದುರ್ಗ ಜಿಲ್ಲೆ ಎಂದಿರುತ್ತದಲ್ಲ, ಹಾಗೇ ಇದು.

ಮುಂದೆ 1910, 1920, 1930ರ ಜನಗಣತಿ ನೋಡಿ. ಪೌರತ್ವದ ಕಾಲಂನಲ್ಲಿ 'ಎಎಲ್' ಎಂದರೆ ಇನ್ನೂ ವಿದೇಶಿ, 'ಪಿಎ' ಎಂದರೆ ಮೊದಲ ಕಾಗದ ಆಗಿದೆ, 'ಎನ್‌ಎ' ಎಂದರೆ ಪೌರತ್ವ ಸಿಕ್ಕಿದೆ. ಮೊದಲ ಕಾಗದವೆಂದರೆ ಪೌರನಾಗುವೆನೆಂಬ ಘೋಷಣೆ. ಐದು ವರ್ಷ ವಾಸವಾದ ಮೇಲೆ ಕೊಡುವುದು ಅರ್ಜಿ, ಅಂದರೆ ಪಿಟಿಷನ್. 1906ರ ಸೆಪ್ಟೆಂಬರ್ 27ರ ನಂತರದ ಕಾಗದಗಳಲ್ಲಿ ಹುಟ್ಟೂರು, ಹಡಗು, ಬಂದ ದಿನ ಇರುತ್ತವೆ. ಅದಕ್ಕೂ ಹಿಂದಿನವುಗಳಲ್ಲಿ ಬಹುಪಾಲು ಹೆಸರು, ದೇಶ ಅಷ್ಟೇ.

ಚಿಕಾಗೋ ಭಾಗದ ಪೌರತ್ವ ಸೂಚಿ ಸೌಂಡೆಕ್ಸ್ ಕ್ರಮದಲ್ಲಿದೆ, ಅಂದರೆ ಒಂದೇ ರೀತಿ ಕೇಳಿಸುವ ಹೆಸರುಗಳಿಗೆ ಒಂದೇ ಸಂಕೇತ. ಕೊವಾಲ್ಸ್ಕಿಗೆ ಕೆ-420. ಗುಮಾಸ್ತ 'ಡಬ್ಲ್ಯು' ಬದಲು 'ವಿ' ಬರೆದಿದ್ದರೆ ಕೆ-142, 'ಸಿ'ಯಿಂದ ಶುರು ಮಾಡಿದ್ದರೆ ಸಿ-420. ಮೂರನ್ನೂ ನೋಡಲೇಬೇಕು, ಬಹಳ ಜನ ಎಡವುವುದು ಇಲ್ಲೇ. ಸೂಚಿ ಕಾರ್ಡಿನಲ್ಲಿ ಕೋರ್ಟಿನ ಹೆಸರು, ಅರ್ಜಿ ಸಂಖ್ಯೆ ಸಿಗುತ್ತವೆ. ಕೌಂಟಿ (ಜಿಲ್ಲೆಯಂಥದು) ಕೋರ್ಟಾದರೆ ಚಿಕಾಗೋ ಇರುವ ಕುಕ್ ಕೌಂಟಿ ಸರ್ಕ್ಯೂಟ್ ಕೋರ್ಟಿನ ಕ್ಲರ್ಕ್ ಕಚೇರಿ, ಫೆಡರಲ್ ಕೋರ್ಟಾದರೆ ನ್ಯಾಷನಲ್ ಆರ್ಕೈವ್ಸ್‌ನ ಚಿಕಾಗೋ ಶಾಖೆ. ಎರಡೂ ಕಡೆ ಸಿಗದಿದ್ದರೆ ಮಾತ್ರ ಅಮೆರಿಕದ ಪೌರತ್ವ-ವಲಸೆ ಇಲಾಖೆ ಯುಎಸ್‌ಸಿಐಎಸ್‌ನಿಂದ ಸಿ-ಫೈಲ್ (ಪೌರತ್ವದ ಕಡತ) ತರಿಸಿ.

ದುರ್ಗದ_ಓದುಗಿ
ಮುತ್ತಜ್ಜಿಯ ವಿಚಾರ: 1922ರ ಸೆಪ್ಟೆಂಬರ್ 22ರೊಳಗೆ ಗಂಡ ಪೌರನಾಗಿದ್ದರೆ ಹೆಂಡತಿಗೂ ತಾನಾಗಿ ಪೌರತ್ವ ಬಂತು, ಬೇರೆ ಅರ್ಜಿ ಇರುವುದಿಲ್ಲ. ಆಮೇಲಾಗಿದ್ದರೆ ಅವರದೇ ಅರ್ಜಿ ಹುಡುಕಿ. ಪೋಲಿಷ್ ದಾಖಲೆಯಲ್ಲಿ ಅವರ ಹೆಸರು ಸ್ತ್ರೀರೂಪದ ಕೊವಾಲ್ಸ್ಕಾ.

ಹಡಗಿನ ಪಟ್ಟಿ 1907ರಿಂದ ಎರಡು ಪುಟಕ್ಕೆ ಹರಡಿದೆ. ಎಡಪುಟ ನೋಡಿ ಮುಚ್ಚಬೇಡಿ. ಊರಲ್ಲಿ ಉಳಿದ ಹತ್ತಿರದ ನೆಂಟರ ಹೆಸರು, ವಿಳಾಸ ಎಡಪುಟದ ಕೊನೆಗಿರುತ್ತದೆ, ಹುಟ್ಟೂರು ಬಲಪುಟದ ತುದಿಯಲ್ಲಿ. ಊರು ಸಿಕ್ಕಿದ ಕೂಡಲೇ ನಂಬಬೇಡಿ. ನಮ್ಮಲ್ಲಿ ಹೊಸಹಳ್ಳಿಗಳಿರುವಷ್ಟೇ ಅಲ್ಲಿ ದೊಂಬ್ರೋವಾಗಳಿವೆ. ಹೋಬಳಿಯಂಥ ಗ್ಮಿನಾ, ತಾಲ್ಲೂಕಿನಂಥ ಪೊವಿಯಾತ್, ಜೊತೆಗೆ ಚರ್ಚಿನ ವ್ಯಾಪ್ತಿಯಾದ ಪ್ಯಾರಿಷ್ ಹೊಂದಿದರೆ ಮಾತ್ರ ಪೋಲೆಂಡಿನ ಚರ್ಚ್ ದಾಖಲೆಗಳ ಸೂಚಿಯಿರುವ ಗೆನೆಟೆಕಾ ಜಾಲತಾಣಕ್ಕೆ ಹೋಗಿ. ರಷ್ಯಾ ಭಾಗದ ಚರ್ಚ್ ದಾಖಲೆ 1868ರಿಂದ ರಷ್ಯನ್ ಭಾಷೆಯಲ್ಲಿದೆ, ಆಸ್ಟ್ರಿಯಾದ ಗಲಿಷಿಯಾದ್ದು ಲ್ಯಾಟಿನ್.

ವಂಶವೃಕ್ಷ_ದಾವಣಗೆರೆ
1920ರ ಗಣತಿಯಲ್ಲಿ ಸಿಕ್ಕರು! 'ಪಿಎ' ಎಂದಿದೆ.

ಹಳೇ_ಕಡತ
ಹಾಗಾದರೆ ಪಿಟಿಷನ್ 1920ರಿಂದೀಚೆಗೆ ಹುಡುಕಿ. ಘೋಷಣೆಗೆ ಏಳೇ ವರ್ಷ ಆಯುಸ್ಸು. ಅವಧಿ ಮೀರಿದ್ದರೆ ಎರಡನೇ ಘೋಷಣೆಯೂ ಇರುತ್ತದೆ. ಎರಡನ್ನೂ ತರಿಸಿ, ಒಂದರಲ್ಲಿ ಅಳಿಸಿಹೋದ ಊರು ಇನ್ನೊಂದರಲ್ಲಿ ಓದಲು ಸಿಗಬಹುದು.