ಸಿಒಪಿಡಿ ಇರುವವರ ರಾತ್ರಿ ನಿದ್ದೆ: ತಿಳಿದವರು ದಯವಿಟ್ಟು ಹೇಳಿ

ಪ್ರಶ್ನೆ

ಅಪ್ಪನಿಗೆ 67 ವರ್ಷ, ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ಹಗಲು ಸುಮ್ಮನೆ ಕೂತಾಗ ಆಕ್ಸಿಜನ್ 91–92 ತೋರಿಸುತ್ತದೆ. ಮಲಗಿದ ಮೇಲೆ ನಿದ್ದೆ ಹತ್ತುವುದೇ ತಡ, ಮತ್ತೆ ಬೆಳಗಿನ ಜಾವ ಮೂರು ನಾಲ್ಕರ ಹೊತ್ತಿಗೆ ದಮ್ಮು ಕಟ್ಟಿ ಎದ್ದು ಕೂರುತ್ತಾರೆ. ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ. ದಿಂಬು ಜಾಸ್ತಿ ಇಟ್ಟರೆ ಕುತ್ತಿಗೆ ನೋವು ಅನ್ನುತ್ತಾರೆ. ಮನೆಯಲ್ಲಿ ಹಿಂದೆ ಬರೆದುಕೊಟ್ಟ ನಿದ್ರೆ ಮಾತ್ರೆ ಇದೆ, ಅರ್ಧ ಕೊಡಬಹುದೇ? ಬೇರೆ ಏನು ಮಾಡಬಹುದು?

ಉತ್ತರ: ರೆಸ್ಪಿರೇಟರಿ ಥೆರಪಿಸ್ಟ್

ಮಾತ್ರೆ ಅರ್ಧವೂ ಬೇಡ. ನೀವು ಹೇಳಿದ್ದರಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಬೆಳಗಿನ ತಲೆನೋವು. ರಾತ್ರಿ ಉಸಿರು ಸಾಲದೆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಉಳಿದರೆ ಮಿದುಳಿನ ರಕ್ತನಾಳಗಳು ಹಿಗ್ಗಿ ಈ ತಲೆನೋವು ಬರುತ್ತದೆ. ನಿದ್ರೆ ಮಾತ್ರೆಗಳಲ್ಲಿ ಬಹಳಷ್ಟು, ಅದರಲ್ಲೂ ಬೆಂಜೊಡಯಾಜೆಪಿನ್ ಗುಂಪಿನವು, ಉಸಿರಾಡಲು ಮಿದುಳು ಕೊಡುವ ಪ್ರಚೋದನೆಯನ್ನೇ ತಗ್ಗಿಸುತ್ತವೆ. ಮದ್ಯವೂ ಅಷ್ಟೇ.

ಮೂರು ನಾಲ್ಕು ಗಂಟೆಯೇ ಯಾಕೆ ಅಂದರೆ, ಕನಸು ಬೀಳುವ ರೆಮ್ ನಿದ್ದೆ ರಾತ್ರಿಯ ಕೊನೆಯ ಭಾಗದಲ್ಲಿ ಹೆಚ್ಚು. ಆಗ ಪಕ್ಕೆಲುಬು ಮತ್ತು ಕುತ್ತಿಗೆಯ ಸ್ನಾಯುಗಳು ಸಡಿಲಾಗಿ ಉಸಿರಿನ ಕೆಲಸವೆಲ್ಲ ಎದೆ ಹೊಟ್ಟೆಗಳ ನಡುವಿನ ಸ್ನಾಯುಪದರವಾದ ವಪೆಯೊಂದರ ಮೇಲೆ ಬೀಳುತ್ತದೆ. ಸಿಒಪಿಡಿಯಲ್ಲಿ ಗಾಳಿ ಸಿಕ್ಕಿಕೊಂಡು ಶ್ವಾಸಕೋಶ ಉಬ್ಬಿರುವುದರಿಂದ ವಪೆ ಮೊದಲೇ ಚಪ್ಪಟೆಯಾಗಿರುತ್ತದೆ, ಪೂರ್ತಿ ಎಳೆಯಲಾರದು. ಜೊತೆಗೆ ಶ್ವಾಸನಾಳಗಳು ಬೆಳಗಿನ ಜಾವದಲ್ಲೇ ಹೆಚ್ಚು ಕಿರಿದಾಗುತ್ತವೆ. ಹಗಲು 92 ಇರುವವರ ಆಕ್ಸಿಜನ್ ರಾತ್ರಿ 80ರ ಆಸುಪಾಸಿಗೆ ಇಳಿಯುವುದು ಅಪರೂಪವಲ್ಲ.

ಒಂದು ವಾರ ಹೀಗೆ ಬರೆದಿಡಿ: ಎಷ್ಟು ಹೊತ್ತಿಗೆ ಎದ್ದರು, ಎದ್ದಾಗ ಮೊದಲು ಬಂದದ್ದು ಕೆಮ್ಮೋ, ಏದುಸಿರೋ, ಎದೆಯುರಿಯೋ, ಮೂತ್ರಕ್ಕೋ, ಕಾಲಿನ ಚಡಪಡಿಕೆಯೋ. ಮಲಗಿದ ಅರ್ಧ ಗಂಟೆಯೊಳಗೆ ಕೆಮ್ಮಿದರೆ ಕಫ ಅಥವಾ ಹೊಟ್ಟೆಯ ಆಮ್ಲವನ್ನು ಅನುಮಾನಿಸಿ. ಬೆಳಗಿನ ಜಾವ ದಮ್ಮು ಎಂದರೆ ರಾತ್ರಿಯ ಆಕ್ಸಿಜನ್, ಇಂಗಾಲದ ಡೈಆಕ್ಸೈಡ್, ಇನ್ಹೇಲರ್ ಮೂರನ್ನೂ ನೋಡಬೇಕು. ಕಾಲಿನ ಚಡಪಡಿಕೆ ಈ ರೋಗದವರಲ್ಲಿ ಸಾಮಾನ್ಯ. ಅದಿದ್ದರೆ ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ರಕ್ತಪರೀಕ್ಷೆ ಮಾಡಿಸಿ, 75ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಚಿಕಿತ್ಸೆ ಕೊಡುವುದುಂಟು.

ಉತ್ತರ: ಫಿಸಿಯೋಥೆರಪಿಸ್ಟ್

ಕುತ್ತಿಗೆ ನೋವಿಗೆ ಕಾರಣ ದಿಂಬಿನ ಮೇಲೆ ದಿಂಬು. ತಲೆ ಮಾತ್ರ ಮುಂದಕ್ಕೆ ಬಾಗಿ, ಹೊಟ್ಟೆ ಮಡಚಿ, ವಪೆಗೆ ಇನ್ನಷ್ಟು ಒತ್ತಡ ಬೀಳುತ್ತದೆ. ಎತ್ತಬೇಕಾದ್ದು ಸೊಂಟದಿಂದ ಮೇಲಿನ ಭಾಗವನ್ನು. ಮಂಚದ ತಲೆಭಾಗದ ಎರಡೂ ಕಾಲಿಗೆ 15ರಿಂದ 20 ಸೆಂ.ಮೀ. ಎತ್ತರದ ಗಟ್ಟಿ ದಿಮ್ಮಿ ಕೊಡಿ. ಇಲ್ಲವೇ ಸೊಂಟದವರೆಗೆ ಬರುವ ಇಳಿಜಾರಿನ ಫೋಮ್ ದಿಂಬು ಹಾಕಿ, ಅದರ ಮೇಲೆ ತಲೆಗೆ ಒಂದೇ ತೆಳು ದಿಂಬು. ಕೆಳಗೆ ಜಾರುತ್ತಿದ್ದರೆ ಮಂಡಿಯಡಿ ಸುತ್ತಿದ ಹೊದಿಕೆ ಇಡಿ. ರಾತ್ರಿಯೆಲ್ಲ ಕುರ್ಚಿಯಲ್ಲೇ ಮಲಗುವ ಅಭ್ಯಾಸ ಬೇಡ, ಕಾಲು ಊದುತ್ತದೆ. ಆಗ ಊತ ಕುರ್ಚಿಯಿಂದ ಬಂತೋ ಹೃದಯದ ಬಲಭಾಗ ಸೋತು ಬಂತೋ ಗೊತ್ತಾಗದೆ ಹೋಗುತ್ತದೆ.

ಕಫ ಇದ್ದರೆ ಮಲಗುವ ಒಂದೂವರೆ ಗಂಟೆ ಮೊದಲೇ ತೆಗೆಸಿ. ತೀರಾ ಮಲಗುವ ಹೊತ್ತಿಗೆ ಮಾಡಿದರೆ ಕೆಮ್ಮು ಕೆರಳಿ ನಿದ್ದೆ ಇನ್ನೂ ದೂರ. ಮೊದಲು ವೈದ್ಯರು ಬರೆದ ಶ್ವಾಸನಾಳ ಹಿಗ್ಗಿಸುವ ಔಷಧಿ, 15 ನಿಮಿಷ ಬಿಟ್ಟು ಇದು: ಹೆಗಲು ಸಡಿಲಬಿಟ್ಟು ಒಂದು ನಿಮಿಷ ಮೆಲ್ಲನೆ ಉಸಿರಾಟ. ಆಮೇಲೆ ಮೂರು ನಾಲ್ಕು ಆಳವಾದ ಉಸಿರು, ಪ್ರತಿಯೊಂದನ್ನೂ 2–3 ಸೆಕೆಂಡು ಹಿಡಿದು ಬಿಡುವುದು. ಮತ್ತೆ ಮೆಲ್ಲನೆ ಉಸಿರಾಟ. ಕೊನೆಗೆ ಬಾಯಿ ತೆರೆದು, ಕನ್ನಡಿಗೆ ಆವಿ ಊದುವ ಹಾಗೆ "ಹಾ" ಎಂದು ಒಂದೆರಡು ಬಾರಿ. ಈ ಸುತ್ತನ್ನು ಹತ್ತು ಹದಿನೈದು ನಿಮಿಷ ಮಾಡಿಸಿ. ಜೋರಾಗಿ ಕೆಮ್ಮಿದರೆ ಕಫ ಬೇಗ ಬರುತ್ತದೆ ಎನ್ನುವುದು ತಪ್ಪು. ಬಲವಂತದ ಕೆಮ್ಮಿಗೆ ದುರ್ಬಲ ಶ್ವಾಸನಾಳ ಮುಚ್ಚಿಕೊಂಡು ಕಫ ಒಳಗೇ ಸಿಕ್ಕಿಬೀಳುತ್ತದೆ.

ಉತ್ತರ: ಫಾರ್ಮಸಿಸ್ಟ್

ಔಷಧಿಗಳ ಪಟ್ಟಿಯನ್ನೂ ಹೊತ್ತನ್ನೂ ಒಮ್ಮೆ ನೋಡಿ. ಎಷ್ಟೋ ಸಲ ನಿದ್ದೆ ಕೆಡಿಸುವುದು ಅದೇ.

ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ದಿನಕ್ಕೊಮ್ಮೆ ಇದ್ದರೆ ಬೆಳಿಗ್ಗೆ ತಿಂಡಿಯ ಜೊತೆ, ಸಂಜೆ ತೆಗೆದುಕೊಂಡರೆ ನಿದ್ದೆ ಬಾರದು. ಮೂತ್ರ ಹೋಗಿಸುವ ಮಾತ್ರೆಯೂ ಬೆಳಿಗ್ಗೆಗೆ, ಎರಡನೆಯ ಡೋಸ್ ಇದ್ದರೆ ಮಧ್ಯಾಹ್ನದೊಳಗೆ. ಶ್ವಾಸನಾಳ ಹಿಗ್ಗಿಸುವ ಥಿಯೋಫಿಲಿನ್ ಕಾಫಿಯಲ್ಲಿರುವ ಕೆಫೀನಿನ ಜಾತಿಯದು, ಎಚ್ಚರ ತರಿಸುತ್ತದೆ, ಆಮ್ಲವನ್ನೂ ಮೇಲಕ್ಕೆ ಬಿಡುತ್ತದೆ. ಇದನ್ನು ತೆಗೆದುಕೊಳ್ಳುವವರು ಬೀಡಿ ಸಿಗರೇಟು ಬಿಟ್ಟರೆ ಅದೇ ಡೋಸ್ ರಕ್ತದಲ್ಲಿ ಹೆಚ್ಚಾಗುತ್ತದೆ. ಸಿಪ್ರೊಫ್ಲಾಕ್ಸಾಸಿನ್, ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಸೇರಿದರೂ ಹಾಗೆಯೇ. ವಾಂತಿ, ಎದೆ ಬಡಿತ, ನಿದ್ದೆಗೇಡು ಒಟ್ಟಿಗೆ ಬಂದರೆ ಅಂದೇ ವೈದ್ಯರಿಗೆ ಹೇಳಿ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಹೊತ್ತು ಬದಲಿಸುವುದನ್ನೂ ಕೇಳಿಯೇ ಮಾಡಿ.

ಧೂಮಪಾನ ಬಿಡಲು 24 ಗಂಟೆಯ ನಿಕೋಟಿನ್ ಪಟ್ಟಿ ಹಚ್ಚಿದ್ದರೆ ಕೆಟ್ಟ ಕನಸು, ಎಚ್ಚರ ಬರಬಹುದು. ಮಲಗುವ ಮುನ್ನ ತೆಗೆಯಬಹುದೇ ಎಂದು ವಿಚಾರಿಸಿ. ನೆಗಡಿಗೆಂದು ಚೀಟಿಯಿಲ್ಲದೆ ಸಿಗುವ, ನಿದ್ದೆ ಬರಿಸುವ ಮಾತ್ರೆಯೂ ಬೇಡ. ಕಫ ಗಟ್ಟಿಯಾಗುತ್ತದೆ, ವಯಸ್ಸಾದವರಿಗೆ ಗೊಂದಲ, ಮೂತ್ರ ಕಟ್ಟುವುದು ಬರುತ್ತದೆ.

ಇನ್ಹೇಲರ್ ತೆಗೆದುಕೊಳ್ಳುವ ರೀತಿಯನ್ನು ಯಾರಾದರೂ ಕಣ್ಣಾರೆ ನೋಡಲಿ. ಸ್ಪೇಸರ್‌ಗೆ (ಇನ್ಹೇಲರ್‌ಗೆ ಜೋಡಿಸುವ ಔಷಧಿ ಹಿಡಿದಿಡುವ ಕೊಳವೆ) ಎರಡು ಪಫ್ ಒಟ್ಟಿಗೆ ಒತ್ತುವುದು ನಾನು ಹೆಚ್ಚಾಗಿ ಕಾಣುವ ತಪ್ಪು. ಒಂದು ಪಫ್, ನಿಧಾನ ಉಸಿರೆಳೆತ, ಸಾಧ್ಯವಾದರೆ ಹತ್ತು ಸೆಕೆಂಡು ಹಿಡಿಯುವುದು, ಅರ್ಧ ನಿಮಿಷ ಬಿಟ್ಟು ಇನ್ನೊಂದು. ಸ್ಟೆರಾಯ್ಡ್ ಇರುವ ಇನ್ಹೇಲರ್ ಆದರೆ ಬಾಯಿ ಮುಕ್ಕಳಿಸಿ ಉಗಿಯಬೇಕು.

ಉತ್ತರ: ನಿದ್ರಾ ಪ್ರಯೋಗಾಲಯದ ತಂತ್ರಜ್ಞ

ಎದ್ದು ಕೂತ ಮೇಲೆ ಬೆರಳಿಗೆ ಆಕ್ಸಿಮೀಟರ್ ಹಾಕಿ 91 ಬಂತು ಎಂದು ಸಮಾಧಾನಪಡಬೇಡಿ. ಎಚ್ಚರವಾಗಿ ನಾಲ್ಕು ಉಸಿರೆಳೆಯುವಷ್ಟರಲ್ಲಿ ಅಂಕಿ ಏರಿಬಿಡುತ್ತದೆ. ರಾತ್ರಿಯಿಡೀ ದಾಖಲಿಸುವ ಆಕ್ಸಿಮೀಟರ್ ಬೇಕು. ಬೆರಳು ಬೆಚ್ಚಗಿರಲಿ, ಉಗುರುಬಣ್ಣ ಇರಬಾರದು, ತಂತಿಯನ್ನು ಟೇಪಿನಿಂದ ಕೈಗೆ ಅಂಟಿಸಿ. ಕಪ್ಪು ಚರ್ಮದವರಲ್ಲಿ ಈ ಯಂತ್ರ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಇಂಗಾಲದ ಡೈಆಕ್ಸೈಡನ್ನು ಅದು ತೋರಿಸುವುದೇ ಇಲ್ಲ. ತಲೆನೋವು ಇರುವುದರಿಂದ ಅಪಧಮನಿಯ ರಕ್ತ ಪರೀಕ್ಷೆ, ಅಂದರೆ ಎಬಿಜಿ, ಆಗಲೇಬೇಕು.

ಅವರು ಗೊರಕೆ ಹೊಡೆಯುತ್ತಾರೆಯೇ, ನಡುವೆ ಉಸಿರು ನಿಂತಂತಾಗಿ ಮತ್ತೆ ಎಳೆಯುತ್ತಾರೆಯೇ ಎನ್ನುವುದನ್ನು ನೀವು ಬರೆದಿಲ್ಲ. ಸಿಒಪಿಡಿ ಮತ್ತು ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ) ಒಟ್ಟಿಗಿದ್ದರೆ ಓವರ್‌ಲ್ಯಾಪ್ ಸಿಂಡ್ರೋಮ್ ಎನ್ನುತ್ತಾರೆ. 1985ರಲ್ಲಿ ಡೇವಿಡ್ ಫ್ಲೆನ್ಲಿ ಕೊಟ್ಟ ಹೆಸರು ಅದು. ಇಂಥವರಿಗೆ ಬರೀ ಆಕ್ಸಿಜನ್ ಕೊಟ್ಟರೆ ಅಂಕಿ ಚೆನ್ನಾಗಿ ಕಾಣುತ್ತದೆ, ಆದರೆ ಉಸಿರು ನಿಲ್ಲುವ ಅವಧಿ ಉದ್ದವಾಗಿ ಇಂಗಾಲದ ಡೈಆಕ್ಸೈಡ್ ಏರಬಹುದು. ಅವರಿಗೆ ಬೇಕಾದ್ದು ಸಿಪ್ಯಾಪ್ ಅಥವಾ ಬೈಪ್ಯಾಪ್, ಅಂದರೆ ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ.

ಅಪ್ನಿಯಾ ಇಲ್ಲದೆಯೂ ಬೈಪ್ಯಾಪ್ ಉಪಯೋಗಕ್ಕೆ ಬರುತ್ತದೆ. ರೋಗ ಉಲ್ಬಣಿಸಿ ಆಸ್ಪತ್ರೆಗೆ ಸೇರಿ ಬಂದವರಲ್ಲಿ 2ರಿಂದ 4 ವಾರದ ನಂತರವೂ ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ 53 ಎಂಎಂಎಚ್‌ಜಿ ಮೀರಿದ್ದರೆ ಮನೆಯಲ್ಲಿ ಆಕ್ಸಿಜನ್ ಜೊತೆ ಬೈಪ್ಯಾಪ್ ಕೊಟ್ಟ ಬ್ರಿಟನ್ನಿನ ಅಧ್ಯಯನ 2017ರಲ್ಲಿ ಬಂತು. ಮತ್ತೆ ಆಸ್ಪತ್ರೆ ಸೇರುವ ಅಥವಾ ಸಾವಿನವರೆಗಿನ ಮಧ್ಯಮ ಅವಧಿ 1.4 ತಿಂಗಳಿಂದ 4.3 ತಿಂಗಳಿಗೆ ಏರಿತು. ಮಾಸ್ಕ್ ಅಭ್ಯಾಸವಾಗಲು ಮೊದಲು ಹಗಲಲ್ಲಿ ಕೂತು ಅರ್ಧ ಗಂಟೆ ಹಾಕಿಸಿ. ಗಾಳಿ ಸೋರುತ್ತದೆಂದು ಪಟ್ಟಿ ಬಿಗಿದಷ್ಟೂ ಮಾಸ್ಕಿನ ಅಂಚು ಮಡಚಿ ಸೋರಿಕೆ ಹೆಚ್ಚುತ್ತದೆ, ಮೂಗಿನ ಮೇಲೆ ಹುಣ್ಣಾಗುತ್ತದೆ. ಮಲಗಿದ ಭಂಗಿಯಲ್ಲಿಯೇ, ಯಂತ್ರ ಓಡುತ್ತಿರುವಾಗ ಪಟ್ಟಿ ಸರಿಪಡಿಸಿ.

ಉತ್ತರ: ಮನೆ ಆರೈಕೆಯ ನರ್ಸ್

ಆಕ್ಸಿಜನ್ ಬಗ್ಗೆ ಒಂದಿಷ್ಟು, ಯಾಕೆಂದರೆ ಮುಂದಿನ ಹೆಜ್ಜೆಯಾಗಿ ಜನ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಯಂತ್ರ, ಕಾನ್ಸಂಟ್ರೇಟರ್, ತಂದುಬಿಡುತ್ತಾರೆ. ದಿನಕ್ಕೆ 15 ಗಂಟೆಗೂ ಹೆಚ್ಚು ಕೊಡುವ ದೀರ್ಘಕಾಲದ ಆಕ್ಸಿಜನ್‌ಗೆ ಅಳತೆಯಿದೆ: ವಿಶ್ರಾಂತಿಯಲ್ಲಿ ಪಿಎಒ2 (ಎಬಿಜಿಯಲ್ಲಿ ಸಿಗುವ ಆಕ್ಸಿಜನ್ ಒತ್ತಡ) 55 ಅಥವಾ ಕಡಿಮೆ, ಇಲ್ಲವೇ ಸ್ಯಾಚುರೇಶನ್ (ಆಕ್ಸಿಮೀಟರಿನ ಅಂಕಿ) 88 ಅಥವಾ ಕಡಿಮೆ. ರಾತ್ರಿ ಮಾತ್ರ ಇಳಿಯುವವರಿಗೆ ಬರೀ ರಾತ್ರಿ ಆಕ್ಸಿಜನ್‌ನಿಂದ ಲಾಭವಿದೆಯೇ ಎಂದು ನೋಡಿದ, 2020ರಲ್ಲಿ ಪ್ರಕಟವಾದ ಅಧ್ಯಯನ ಸಾಕಷ್ಟು ಜನ ಸಿಗದೆ ಬೇಗ ನಿಂತಿತು, ಲಾಭ ಕಾಣಲಿಲ್ಲ. ಹಾಗಾಗಿ ಚೀಟಿಯಿಲ್ಲದೆ ಶುರು ಮಾಡಬೇಡಿ.

ಕೊಡುವುದಾದರೆ ಇಂಗಾಲದ ಡೈಆಕ್ಸೈಡ್ ಏರುವ ಅಪಾಯವಿರುವವರಲ್ಲಿ ಗುರಿ 88ರಿಂದ 92, ಅದಕ್ಕಿಂತ ಮೇಲಲ್ಲ. 97 ಕಂಡು ಮನೆಯವರು ಖುಷಿಪಡುತ್ತಾರೆ, ನನಗೆ ಅಲ್ಲೇ ಭಯ. ಯಂತ್ರಕ್ಕೆ ಜೋಡಿಸಿದ, ಆಕ್ಸಿಜನ್ ತೇವ ಮಾಡುವ ನೀರಿನ ಬಾಟಲಿಯ ಮುಚ್ಚಳ ಓರೆಯಾಗಿ ಕೂತರೆ ಆಕ್ಸಿಜನ್ ಅಲ್ಲೇ ಸೋರಿಹೋಗುತ್ತದೆ. ಮೂಗಿನ ನಳಿಗೆಯ ತುದಿಯನ್ನು ಲೋಟದ ನೀರಿನಲ್ಲಿ ಅದ್ದಿ ಗುಳ್ಳೆ ಬರುತ್ತದೆಯೇ ನೋಡಿ, ಒರೆಸಿ ಹಾಕಿ. ಕೊಳವೆಯಲ್ಲಿ ನೀರು ನಿಂತರೂ ಹರಿವು ತಪ್ಪುತ್ತದೆ. ಯಂತ್ರವನ್ನು ಗೋಡೆ, ಪರದೆಯಿಂದ ಒಂದಡಿಯಾದರೂ ದೂರ ಇಡಿ. ಮೂಗು ಒಣಗಿದರೆ ಪೆಟ್ರೋಲಿಯಂ ಜೆಲ್ಲಿ ಬೇಡ, ನೀರಿನ ಜೆಲ್ ಹಚ್ಚಿ. ಕೋಣೆಯಲ್ಲಿ ದೀಪ, ಊದುಬತ್ತಿ, ಸಿಗರೇಟು ಯಾವುದೂ ಇರಬಾರದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಗೊರಕೆ ಇದೆ, ನಡುವೆ ನಿಲ್ಲುವುದನ್ನು ಅಮ್ಮ ನೋಡಿದ್ದಾರೆ. ಪರೀಕ್ಷೆಗೆ ಕೇಳುತ್ತೇನೆ. ಅಷ್ಟರವರೆಗೆ ರಾತ್ರಿ ಗಾಬರಿಯಾಗಿ ಎದ್ದಾಗ ಏನು ಮಾಡಿಸಲಿ? ಆಮೇಲೆ ಮಲಗಲು ಹೆದರುತ್ತಾರೆ.

ಉತ್ತರ: ಫಿಸಿಯೋಥೆರಪಿಸ್ಟ್

ಮಂಚದ ಅಂಚಿಗೆ ಕೂರಿಸಿ, ಎದುರಿನ ಮೇಜಿನ ಮೇಲೆ ದಿಂಬಿಟ್ಟು ಮೊಣಕೈ ಊರಿ ಮುಂದಕ್ಕೆ ಬಾಗಲಿ. ತೋಳಿಗೆ ಆಧಾರ ಸಿಕ್ಕರೆ ಹೆಗಲಿನ ಸ್ನಾಯುಗಳು ಉಸಿರಿಗೆ ನೆರವಾಗುತ್ತವೆ. ಮೂಗಿನಿಂದ ಎರಡು ಎಣಿಸುವಷ್ಟು ಒಳಗೆ, ತುಟಿ ಕಿರಿದು ಮಾಡಿ ನಾಲ್ಕು ಎಣಿಸುವಷ್ಟು ಹೊರಗೆ. "ಜೋರಾಗಿ ಎಳೆದುಕೊಳ್ಳಿ" ಎನ್ನಬೇಡಿ, ಹಳೆಯ ಗಾಳಿ ಹೊರಹೋಗದೆ ಹೊಸದಕ್ಕೆ ಜಾಗವಿಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಫ್ಯಾನನ್ನು ಮುಖದಿಂದ 15 ಸೆಂ.ಮೀ. ದೂರದಲ್ಲಿ ಮೂಗು, ಮೇಲ್ದುಟಿಗೆ ಗಾಳಿ ತಾಗುವಂತೆ ಹಿಡಿಯಿರಿ. ಏದುಸಿರಿನ ಅನುಭವ ಇದರಿಂದ ತಗ್ಗುತ್ತದೆ. ತಕ್ಷಣದ ಇನ್ಹೇಲರ್, ಸ್ಪೇಸರ್, ಫ್ಯಾನ್, ನೀರು, ಮೂತ್ರದ ಪಾತ್ರೆ ಕೈಗೆಟುಕುವಲ್ಲಿರಲಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಪಕ್ಕದ ಕುರ್ಚಿಯಲ್ಲಿ ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ಮಲಗಲಿ. ರಾತ್ರಿ ಹೇಗೇ ಕಳೆದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ.

ಇನ್ಹೇಲರ್ ಕೊಟ್ಟರೂ ದಮ್ಮು ಇಳಿಯದಿದ್ದರೆ, ತುಟಿ ನೀಲಿಯಾದರೆ, ಮಾತು ತೊದಲಿದರೆ, ಬೆಳಿಗ್ಗೆ ಎಬ್ಬಿಸಿದರೂ ಮಂಕಾಗಿ ಮತ್ತೆ ನಿದ್ದೆಗೆ ಜಾರಿದರೆ ಪರೀಕ್ಷೆಯ ದಿನಕ್ಕೆ ಕಾಯದೆ ನೇರ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಅಲ್ಲಿ ಮೊದಲೇ ಹೇಳಿ: ಇವರಿಗೆ ಸಿಒಪಿಡಿ, ಇಂಗಾಲದ ಡೈಆಕ್ಸೈಡ್ ಉಳಿಯುವ ಅನುಮಾನವಿದೆ, ಆಕ್ಸಿಜನ್ ಅಳತೆ ನೋಡಿ ಕೊಡಿ.