ಅಕ್ಕ, ಆ ಕೊಟೇಷನ್‌ಗೆ ಈಗಲೇ ದುಡ್ಡು ಹಾಕ್ಬೇಡ

ಅಕ್ಕ, ಬೆಳಿಗ್ಗೆ ನೀನು ಗ್ರೂಪಲ್ಲಿ ಹಾಕಿದ, ಪುಟ್ಟ ಓಡಿಸೋ ಬೈಕಿನ ಇನ್ಶೂರೆನ್ಸ್ ಕೊಟೇಷನ್ ನೋಡ್ದೆ. "ಹೋದ ವರ್ಷ ಶೋರೂಮಲ್ಲೇ ಐದು ವರ್ಷದ ಇನ್ಶೂರೆನ್ಸ್ ಕಟ್ಟಿದ್ವಲ್ಲ, ಈಗ ಮತ್ತೆ ಯಾಕೆ ಕೇಳ್ತಿದಾರೆ, ಈ ಜೀರೋ ಡೆಪ್ಪು, ಇಂಜಿನ್ ಪ್ರೊಟೆಕ್ಟು ಎಲ್ಲ ಏನು" ಅಂತ ಕೇಳಿದ್ದೀಯ. ಟೈಪ್ ಮಾಡೋದಕ್ಕಿಂತ ಬಾಯಲ್ಲೇ ಹೇಳ್ಬಿಡ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಅಡುಗೆ ಮಾಡ್ತಾ ಕೇಳಿಸ್ಕೋ.

ಐದು ವರ್ಷಕ್ಕೆ ಕಟ್ಟಿರೋದು ಬರೀ ಥರ್ಡ್ ಪಾರ್ಟಿ. 2018ರ ಸೆಪ್ಟೆಂಬರ್ 1ರಿಂದ ಹೊಸ ಟೂ ವೀಲರ್‌ಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಬೇಕು, ಅದು ಸುಪ್ರೀಂ ಕೋರ್ಟ್ ಆದೇಶದ ಮೇಲೆ ಬಂದಿದ್ದು. ಅದರ ಜೊತೆ ಶೋರೂಮಿನವರು ಒಂದೇ ವರ್ಷದ ಓಡಿ ಸೇರಿಸಿರ್ತಾರೆ. ಓಡಿ ಅಂದ್ರೆ ಓನ್ ಡ್ಯಾಮೇಜ್, ನಮ್ಮ ಗಾಡಿಗೆ ಆಗೋ ಏಟು, ಕಳ್ಳತನ, ಬೆಂಕಿ, ಪ್ರವಾಹ ಇಷ್ಟಕ್ಕೆ. ಈಗ ಮುಗೀತಿರೋದು ಅದು. ಥರ್ಡ್ ಪಾರ್ಟಿ ಎದುರಿನವರಿಗೆ: ನಮ್ಮ ಗಾಡಿಯಿಂದ ಯಾರಿಗಾದ್ರೂ ಪೆಟ್ಟಾದ್ರೆ, ಜೀವ ಹೋದ್ರೆ ಅಪಘಾತ ಪರಿಹಾರದ ಟ್ರಿಬ್ಯೂನಲ್ ಎಷ್ಟು ಹೇಳುತ್ತೋ ಅಷ್ಟು, ಮಿತಿ ಇಲ್ಲ. ಅವರ ಕಾರು, ಗೋಡೆ ಹಾಳಾದ್ರೆ 1 ಲಕ್ಷದ ತನಕ. ನಮ್ಮ ಬೈಕಿಗೆ ಅದರಲ್ಲಿ ಒಂದು ಪೈಸೆ ಇಲ್ಲ. ಪೊಲೀಸ್ರು ಹಿಡಿದ್ರೆ ನೋಡೋದು ಥರ್ಡ್ ಪಾರ್ಟಿನೇ, ಓಡಿ ಕಡ್ಡಾಯ ಅಲ್ಲ.

ಈಗ ಕೊಟೇಷನ್ ತೆಗಿ. ಮಧ್ಯದಲ್ಲಿ "ಬೇಸಿಕ್ ಟಿಪಿ 714" ಅಂತ ಒಂದು ಸಾಲಿದೆ ನೋಡು, ಟಿಪಿ ಅಂದ್ರೆ ಥರ್ಡ್ ಪಾರ್ಟಿ. 75ರಿಂದ 150 ಸಿಸಿ ತನಕದ ಗಾಡಿಗೆ 2022ರ ಜೂನ್‌ನಲ್ಲಿ ಸರ್ಕಾರ ಗೊತ್ತು ಮಾಡಿದ ವರ್ಷದ ದರ ಅದು. ಐದು ವರ್ಷಕ್ಕೆ ಒಟ್ಟಿಗೆ 3,851. ಅದನ್ನ ನೀವು ಆಗಲೇ ಕಟ್ಟಿದ್ದೀರ! ಏಜೆಂಟ್ "ಸ್ಟ್ಯಾಂಡ್ ಅಲೋನ್ ಓಡಿ", ಅಂದ್ರೆ ಓಡಿ ಮಾತ್ರ, ಅದರ ಬದಲು ಎರಡೂ ಸೇರಿರೋ "ಕಾಂಪ್ರಹೆನ್ಸಿವ್" ಒತ್ತಿದಾನೆ. ಬೇಕು ಅಂತ ಮಾಡಿದ್ನೋ ಕೈ ತಪ್ಪೋ ಗೊತ್ತಿಲ್ಲ, 18% ಜಿಎಸ್‌ಟಿ ಸೇರಿ 842 ರೂಪಾಯಿ ದಂಡ ಅಂತೂ ನಿಜ. ಓಡಿ ಮಾತ್ರ ಕೊಡಿ ಅನ್ನು. ಆಗ ಹಳೇ ಪಾಲಿಸಿ ನಂಬರು, ಥರ್ಡ್ ಪಾರ್ಟಿ ಮುಗಿಯೋ ತಾರೀಖು ಕೇಳ್ತಾರೆ, ಕೊಡು. ಓಡಿ ಅದೇ ಕಂಪನಿಲೇ ತಗೋಬೇಕು ಅಂತೇನಿಲ್ಲ.

ಇನ್ನು ಆಡ್-ಆನ್‌ಗಳು, ಅಂದ್ರೆ ಓಡಿ ಜೊತೆ ಹೆಚ್ಚು ದುಡ್ಡು ಕೊಟ್ಟು ಸೇರಿಸ್ಕೊಳ್ಳೋವು. ನನ್ನ ಕೇಳಿದ್ರೆ ಮೊದಲು ಬೇಕಾಗಿರೋದು ಜೀರೋ ಡೆಪ್, ಅಂದ್ರೆ ಡೆಪ್ರಿಸಿಯೇಷನ್ (ಸವಕಳಿ) ಅಂತ ಪಾರ್ಟಿನ ಬೆಲೆಲಿ ಹಿಡ್ಕೊಳ್ದೆ ಪೂರ್ತಿ ಕೊಡೋದು. ಯಾಕೆ ಅಂತ ಲೆಕ್ಕ ಹಾಕೋಣ. ಪುಟ್ಟ ಮಣ್ಣಲ್ಲಿ ಜಾರಿ ಬಿದ್ದ ಅಂದ್ಕೋ. ಹೋಗೋದೇನು? ಡೂಮ್, ಮುಂದಿನ ಮಡ್‌ಗಾರ್ಡ್, ಸೈಡ್ ಪ್ಯಾನೆಲ್, ಇಂಡಿಕೇಟರ್, ಎಲ್ಲ ಪ್ಲಾಸ್ಟಿಕ್. ಜೊತೆಗೆ ಹ್ಯಾಂಡಲ್ ಬಾರ್, ಕ್ಲಚ್ ಲಿವರ್, ಫುಟ್‌ರೆಸ್ಟ್. ಪ್ಲಾಸ್ಟಿಕ್ 6,000, ಮೆಟಲ್ 3,000, ಲೇಬರ್ 1,500, ಒಟ್ಟು 10,500 ಬಿಲ್ ಅಂತಿಟ್ಕೋ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ ಇವಕ್ಕೆ ಗಾಡಿ ಹೊಸದಾದ್ರೂ ಅರ್ಧ ಹಿಡೀತಾರೆ. ಮೆಟಲ್‌ಗೆ ವಯಸ್ಸಿನ ಮೇಲೆ: ಮೊದಲ ಆರು ತಿಂಗಳು ಏನಿಲ್ಲ, ಒಂದರಿಂದ ಎರಡು ವರ್ಷದ್ದಕ್ಕೆ 10%, ನಾಲ್ಕು ದಾಟಿದ್ರೆ 35%. ಅಂದ್ರೆ ನಿನ್ನ ಕೈಯಿಂದ 3,000, 300, ಪ್ರತಿ ಕ್ಲೇಮಲ್ಲೂ ನಾವೇ ಹಾಕ್ಬೇಕಾದ ಕಡ್ಡಾಯ ಡಿಡಕ್ಟಿಬಲ್ 100, ಒಟ್ಟು 3,400. ಜೀರೋ ಡೆಪ್ ಇದ್ರೆ ಆ 100 ಮಾತ್ರ, ಮೇಲೆ ಇಂಜಿನ್ ಆಯಿಲ್, ನಟ್ಟು ಬೋಲ್ಟು ಅಂತ ಚಿಲ್ಲರೆ. ಆ ಚಿಲ್ಲರೆಗೇ "ಕನ್ಸ್ಯೂಮಬಲ್ಸ್" ಅಂತ ಬೇರೆ ಆಡ್-ಆನ್ ಹಾಕಿದಾರೆ ನೋಡು, ಬೈಕಿಗೆ ಅದು ಬೇಡ. ಆದ್ರೆ ಜೀರೋ ಡೆಪ್ಪಲ್ಲಿ ವರ್ಷಕ್ಕೆ ಎಷ್ಟು ಕ್ಲೇಮ್ ಅಂತ ಕೇಳು, ಕೆಲವು ಕಡೆ ಎರಡೇ ಇರುತ್ತೆ.

ಇಂಜಿನ್ ಪ್ರೊಟೆಕ್ಟ್ ಬೇಕಾ ಬೇಡ್ವಾ ಅನ್ನೋದು ಊರ ಮೇಲೆ ಹೋಗುತ್ತೆ. ಬೆಂಗಳೂರಲ್ಲಿ ಮಳೆಗಾಲದಲ್ಲಿ ಅಂಡರ್‌ಪಾಸ್ ದಾಟೋನಿಗೆ ಬೇಕು. ಏರ್ ಫಿಲ್ಟರ್ ಮೂಲಕ ನೀರು ಸಿಲಿಂಡರ್ ಒಳಗೆ ಹೋಗುತ್ತೆ. ಗಾಳಿ ಒತ್ತಿದ್ರೆ ಕುಗ್ಗುತ್ತೆ, ನೀರು ಕುಗ್ಗಲ್ಲ. ಪಿಸ್ಟನ್ ಮೇಲೆ ಬಂದಾಗ ಕನೆಕ್ಟಿಂಗ್ ರಾಡ್ ಬಾಗುತ್ತೆ. ಮಾಮೂಲಿ ಪಾಲಿಸಿಯವರು "ಗಾಡಿ ಮುಳುಗಿದ್ದು ಪ್ರವಾಹ, ಸರಿ, ಆಮೇಲೆ ನೀವು ಸ್ಟಾರ್ಟ್ ಮಾಡಿದ್ದು ನಿಮ್ಮ ತಪ್ಪು" ಅಂತ ಇಂಜಿನ್ ಖರ್ಚು ತೆಗೆದು ಹಾಕ್ತಾರೆ. ಹಾಗಾಗಿ ನೀರಲ್ಲಿ ಗಾಡಿ ಆಫ್ ಆದ್ರೆ ಸೆಲ್ಫ್ ಒತ್ತಬಾರದು, ಗೇರಲ್ಲಿಟ್ಟು ತಳ್ಳಿ ಸ್ಟಾರ್ಟ್ ಮಾಡೋದಂತೂ ಬೇಡವೇ ಬೇಡ. ನ್ಯೂಟ್ರಲ್ ಮಾಡಿ ತಳ್ಕೊಂಡು ಪಕ್ಕಕ್ಕೆ ನಿಲ್ಸು, ಫೋಟೋ ತೆಗಿ, ಕಂಪನಿಗೆ ಫೋನ್ ಮಾಡು ಅಂತ ಪುಟ್ಟಂಗೆ ಈಗಲೇ ಹೇಳಿಡು. ಮಳೆ ಕಮ್ಮಿ ಇರೋ ನಿಮ್ಮ ಚಳ್ಳಕೆರೆಲಿ ಓಡಿಸೋದಾದ್ರೆ ಆ ದುಡ್ಡು ಉಳಿಸು.

ಐಡಿವಿ ಅಂತಿರೋದು ಗಾಡಿ ಕಳುವಾದ್ರೆ, ಇಲ್ಲ ಪೂರ್ತಿ ನಜ್ಜುಗುಜ್ಜಾದ್ರೆ ಬರೋ ಮೊತ್ತ. ಒಂದು ವರ್ಷ ದಾಟಿದ ಗಾಡಿಗೆ ಎಕ್ಸ್ ಶೋರೂಂ ಬೆಲೆಯಲ್ಲಿ 20% ಕಳೀತಾರೆ. 90,000ದ ಗಾಡಿಗೆ 72,000 ಸುಮಾರು. ಪ್ರೀಮಿಯಂ ಕಡಿಮೆ ತೋರಿಸೋಕೆ 60,000ಕ್ಕೆ ಇಳಿಸಿರ್ತಾರೆ, ಉಳಿಯೋದು ನೂರಿನ್ನೂರು ರೂಪಾಯಿ, ಕಳೆಯೋದು 12,000. ರಿಟರ್ನ್ ಟು ಇನ್‌ವಾಯ್ಸ್ ಅನ್ನೋ ಆಡ್-ಆನ್ ಇದ್ರೆ ಕೊಂಡ ಬೆಲೆ ಬರುತ್ತೆ. ಲೋನ್ ಇನ್ನೂ ಇದೆಯಲ್ಲ, ಬೀದಿಲೇ ನಿಲ್ಸೋ ಗಾಡಿ, ಹಾಕ್ಸಬಹುದು. ಕಳುವಾದಾಗ ಎರಡೂ ಕೀ ಕೇಳ್ತಾರೆ, ಆ ಸ್ಪೇರ್ ಕೀ ಎಲ್ಲಿದೆ ಅಂತ ಇವತ್ತೇ ಹುಡುಕಿಡು.

ಮುಖ್ಯವಾದದ್ದು ಒಂದಿದೆ, ಭಾವನೂ ಕೇಳಿಸ್ಕೊಳ್ಳಲಿ. ಓನರ್-ಡ್ರೈವರ್ ಪಿಎ (ಪರ್ಸನಲ್ ಆಕ್ಸಿಡೆಂಟ್) 15 ಲಕ್ಷ ಅಂತ ಇದೆಯಲ್ಲ, ಆರ್‌ಸಿ ಭಾವನ ಹೆಸರಲ್ಲಿದ್ರೆ ಅದು ಭಾವನಿಗೆ ಮಾತ್ರ. ಓಡಿಸೋನು ಪುಟ್ಟ. ಅವನಿಗೆ ಏನಾದ್ರೂ ಆದ್ರೆ ಅದರಿಂದ ಬರಲ್ಲ. ಅದೂ ಸಾವು, ಕೈ ಕಾಲು ಕಣ್ಣು ಹೋಗೋದು, ಶಾಶ್ವತ ಅಂಗವೈಕಲ್ಯ ಇಷ್ಟಕ್ಕೇ. ಕಾಲು ಮುರಿದ ಆಸ್ಪತ್ರೆ ಬಿಲ್ಲು ಕೊಡಲ್ಲ. ಅವನ ಹೆಸರಲ್ಲಿ ಬೇರೆ ಆಕ್ಸಿಡೆಂಟ್ ಪಾಲಿಸಿ ಮಾಡಿಸಿ, ಹೆಲ್ತ್ ಇನ್ಶೂರೆನ್ಸೂ ಇರಲಿ.

ದೊಡ್ಡಪ್ಪ, ನಿಮ್ಮ ಹಳೇ ಸ್ಕೂಟರ್‌ಗೆ ಬರೀ ಥರ್ಡ್ ಪಾರ್ಟಿ ಇದೆ ಅಂದಿದ್ರಿ. ಅಂಥ ಪಾಲಿಸಿಲಿ ಹಿಂದೆ ಕೂತವರು ಸೇರಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ದೊಡ್ಡಮ್ಮನ್ನ ದಿನಾ ಕೂರಿಸ್ಕೊಂಡು ದೇವಸ್ಥಾನಕ್ಕೆ ಹೋಗ್ತೀರಲ್ಲ, ಪಿಲಿಯನ್ ಪಿಎ ಸೇರಿಸಿ ಅಂತ ಕೇಳಿ.

ಕ್ಲೇಮ್ ಮಾಡಿದ್ರೆ ಎನ್‌ಸಿಬಿ, ಅಂದ್ರೆ ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಕೊಡೋ ರಿಯಾಯಿತಿ, ಹೋಗುತ್ತೆ ಅಂತ ಹೆದರೋರು ಜಾಸ್ತಿ. ಕಾರಿಗೆ ಸರಿ. ಅದು ಓಡಿ ಪ್ರೀಮಿಯಂ ಮೇಲೆ ಮಾತ್ರ, ಬೈಕಲ್ಲಿ ಆ ಪ್ರೀಮಿಯಮ್ಮೇ ಚಿಕ್ಕದು. ಓಡಿ 1,200 ಇದ್ರೆ ಮೊದಲ ವರ್ಷದ 20% ಅಂದ್ರೆ 240 ರೂಪಾಯಿ. ಅದಕ್ಕೋಸ್ಕರ 7,000ದ ಕ್ಲೇಮ್ ಬಿಡೋದಾ? ರಿಪೇರಿಗೆ ಮುಂಚೆ ಕಂಪನಿಗೆ ತಿಳಿಸ್ಬೇಕು ಅಷ್ಟೆ, ಸರ್ವೇಯರ್ ನೋಡೋ ತನಕ ಗ್ಯಾರೇಜಲ್ಲಿ ಬಿಚ್ಚಿಸ್ಬೇಡಿ. ಡಿಎಲ್ ಇಲ್ದೆ, ಕುಡಿದು ಓಡಿಸಿದ್ರೆ ಸಿಗಲ್ಲ. ಪುಟ್ಟ ರಜದಲ್ಲಿ ಫುಡ್ ಡೆಲಿವರಿ ಮಾಡ್ತೀನಿ ಅಂತಿದ್ದ, ಖಾಸಗಿ ಗಾಡಿ ಪಾಲಿಸಿಲಿ ಅದೂ ಇಲ್ಲ.

ಓಡಿ ಮುಗಿಯೋ ದಿನದ ಒಳಗೇ ಕಟ್ಟು, ತಪ್ಪಿದ್ರೆ ಗಾಡಿ ಫೋಟೋ, ವಿಡಿಯೋ, ಇನ್‌ಸ್ಪೆಕ್ಷನ್ ಅಂತ ಅಲೆಸ್ತಾರೆ, 90 ದಿನ ದಾಟಿದ್ರೆ ಎನ್‌ಸಿಬಿನೂ ಹೋಯ್ತು. ಹೊಸ ಕೊಟೇಷನ್ ಬಂದ್ಮೇಲೆ ಆರ್‌ಸಿ ಜೊತೆ ನಂಗೆ ಪರ್ಸನಲ್ಲಾಗಿ ಕಳಿಸು, ಗ್ರೂಪಲ್ಲಿ ಬೇಡ.